ಜೀರ್ಣಾಂಗವ್ಯೂಹ: ಅನ್ನದ ಹಾದಿ ಮತ್ತು ನೀರಿನ ಲೆಕ್ಕ

ಮನುಷ್ಯನು ಉಣ್ಣುವ ಆಹಾರವು ಉಂಡ ರೂಪದಲ್ಲಿಯೇ ದೇಹಕ್ಕೆ ಒದಗುವುದಿಲ್ಲ. ಜೋಳದ ರೊಟ್ಟಿಯಾಗಲಿ, ರಾಗಿಯ ಮುದ್ದೆಯಾಗಲಿ, ಅನ್ನ ಸಾರಾಗಲಿ, ಬಾಯಿಗಿಟ್ಟ ತುತ್ತು ರಕ್ತವನ್ನು ಸೇರಬೇಕಾದರೆ ಮೊದಲು ಅದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಾಗಿ ಒಡೆಯಬೇಕು. ಹೀಗೆ ಒಡೆಯುವ ಕ್ರಿಯೆಗೆ ಪಚನವೆಂದೂ, ಒಡೆದ ಸಾರವನ್ನು ರಕ್ತಕ್ಕೆ ಸೇರಿಸುವ ಕ್ರಿಯೆಗೆ ಹೀರಿಕೆಯೆಂದೂ ಹೆಸರು. ಈ ಎರಡೂ ಕಾರ್ಯಗಳನ್ನು ನಡೆಸುವ ಅಂಗಗಳ ಸಮೂಹವೇ ಜೀರ್ಣಾಂಗವ್ಯೂಹ.

ಈ ವ್ಯೂಹಕ್ಕೆ ಇನ್ನೊಂದು ಹೊಣೆಯೂ ಇದೆ. ಅದು ದೇಹದ ನೀರಿನ ಲೆಕ್ಕವನ್ನು ಕಾಯುವುದು. ಪ್ರತಿದಿನವೂ ಹಲವು ಲೀಟರುಗಳಷ್ಟು ನೀರು ರಕ್ತದಿಂದ ಕರುಳಿಗೆ ಇಳಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮತ್ತೆ ರಕ್ತಕ್ಕೆ ಮರಳುತ್ತದೆ. ಆರೋಗ್ಯವಂತನಿಗೆ ಇದು ತಿಳಿಯುವುದೇ ಇಲ್ಲ. ಈ ಲೆಕ್ಕ ತಪ್ಪಿದಾಗ ಉಂಟಾಗುವುದೇ ಅತಿಸಾರ ಅಥವಾ ಭೇದಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಅತಿಸಾರದಿಂದ ಸಾಯುತ್ತಾರೆ. ಇವುಗಳಲ್ಲಿ ಬಹುಪಾಲು ಸಾವುಗಳನ್ನು ತಡೆಯಬಲ್ಲ ಉಪಾಯವು ಕರುಳಿನ ರಚನೆಯಲ್ಲಿಯೇ ಅಡಗಿದೆ. ಆದಕಾರಣ ಜೀರ್ಣಾಂಗಗಳ ಪರಿಚಯವು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಮಕ್ಕಳಿರುವ ಪ್ರತಿಯೊಂದು ಮನೆಗೂ ಅವಶ್ಯಕವಾದುದು.

ರಚನೆಯ ಸ್ಥೂಲ ಪರಿಚಯ

ಜೀರ್ಣಾಂಗವ್ಯೂಹದ ಮುಖ್ಯ ಭಾಗವು ಬಾಯಿಯಿಂದ ಗುದದ್ವಾರದವರೆಗೆ ಹಬ್ಬಿರುವ ಒಂದೇ ಉದ್ದನೆಯ ನಾಳ. ಬಾಯಿ, ಗಂಟಲು, ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಇವು ಕ್ರಮವಾಗಿ ಅದರ ಭಾಗಗಳು. ವಯಸ್ಕರಲ್ಲಿ ಈ ನಾಳವನ್ನು ಬಿಚ್ಚಿ ಹರಡಿದರೆ ಸುಮಾರು 9 ಮೀಟರು ಉದ್ದವಾಗುತ್ತದೆ. ಜೀವಂತ ದೇಹದಲ್ಲಿ ಸ್ನಾಯುಗಳು ಬಿಗಿದಿರುವುದರಿಂದ ಅದರ ಉದ್ದ ಇದಕ್ಕಿಂತ ಕಡಿಮೆ ಇರುತ್ತದೆ.

ಈ ನಾಳದ ಹೊರಗಿದ್ದು ಅದಕ್ಕೆ ರಸಗಳನ್ನು ಒದಗಿಸುವ ಅಂಗಗಳು ಲಾಲಾಗ್ರಂಥಿಗಳು, ಯಕೃತ್ತು ಹಾಗೂ ಮೇದೋಜೀರಕ ಗ್ರಂಥಿ. ಯಕೃತ್ತಿನಿಂದ ಬರುವ ರಸವನ್ನು ಕೂಡಿಟ್ಟುಕೊಳ್ಳುವ ಪಿತ್ತಕೋಶವೂ ಇವುಗಳ ಜೊತೆಗೇ ಸೇರುತ್ತದೆ. ಆಹಾರವು ಈ ಅಂಗಗಳೊಳಕ್ಕೆ ಹೋಗುವುದಿಲ್ಲ. ಇವುಗಳಿಂದ ಹೊರಟ ರಸಗಳೇ ಸಣ್ಣ ಕೊಳವೆಗಳ ಮೂಲಕ ಆಹಾರವಿರುವಲ್ಲಿಗೆ ಬಂದು ಸೇರುತ್ತವೆ.

ಅನ್ನನಾಳದಿಂದ ಮುಂದಿನ ನಾಳದ ಗೋಡೆಯಲ್ಲಿ ನಾಲ್ಕು ಪದರಗಳಿವೆ. ಒಳಗಿನದು ರಸ ಸ್ರವಿಸುವ ಹಾಗೂ ಸಾರ ಹೀರುವ ಲೋಳೆಪೊರೆ. ಅದರ ಹಿಂದೆ ರಕ್ತನಾಳಗಳೂ ನರಗಳೂ ಇರುವ ಪದರ, ಅದರಾಚೆಗೆ ಸ್ನಾಯುಗಳ ಪದರ, ಎಲ್ಲಕ್ಕಿಂತ ಹೊರಗೆ ಹೊದಿಕೆಯಂತಿರುವ ಪದರ. ಈ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿರುವುದರಿಂದ ಕರುಳು ತನ್ನ ದಿನನಿತ್ಯದ ಚಲನೆಯನ್ನು ಮೆದುಳಿನ ಅಪ್ಪಣೆಗೆ ಕಾಯದೆ ತಾನೇ ನಡೆಸಿಕೊಳ್ಳಬಲ್ಲುದು.

ಬಾಯಿ ಮತ್ತು ಅನ್ನನಾಳ

ಪಚನಕ್ರಿಯೆಯು ಬಾಯಿಯಲ್ಲಿಯೇ ಆರಂಭವಾಗುತ್ತದೆ. ಬಾಲ್ಯದಲ್ಲಿ 20 ಹಾಲುಹಲ್ಲುಗಳೂ, ಬೆಳೆದ ಮೇಲೆ 32 ಶಾಶ್ವತ ಹಲ್ಲುಗಳೂ ಆಹಾರವನ್ನು ಕತ್ತರಿಸಿ, ಸೀಳಿ, ಅರೆಯುತ್ತವೆ. ಮೂರು ಜೊತೆ ಲಾಲಾಗ್ರಂಥಿಗಳು ದಿನವೊಂದಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಜೊಲ್ಲನ್ನು ಸುರಿಸುತ್ತವೆ. ಜೊಲ್ಲು ತುತ್ತನ್ನು ನೆನೆಸಿ ನುಂಗಲು ಯೋಗ್ಯವಾಗಿಸುತ್ತದೆ. ಅಲ್ಲದೆ ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಧಾನ್ಯಗಳಲ್ಲಿರುವ ಪಿಷ್ಟವನ್ನು ಸಕ್ಕರೆಯ ಸರಳ ರೂಪಗಳಾಗಿ ಒಡೆಯತೊಡಗುತ್ತದೆ. ರೊಟ್ಟಿಯ ಚೂರನ್ನು ಬಹಳ ಹೊತ್ತು ಅಗಿದಾಗ ನಾಲಿಗೆಗೆ ಸಣ್ಣಗೆ ಸಿಹಿ ತಿಳಿಯುವುದು ಈ ಕಾರಣದಿಂದಲೇ. ಕಿಣ್ವವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು.

ಅಗಿದ ತುತ್ತನ್ನು ನಾಲಿಗೆಯು ಗಂಟಲಿಗೆ ತಳ್ಳುತ್ತದೆ. ಗಂಟಲಿನಲ್ಲಿ ಅನ್ನದ ದಾರಿ ಹಾಗೂ ಉಸಿರಿನ ದಾರಿ ಒಂದನ್ನೊಂದು ಹಾಯುತ್ತವೆ. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆಯು ಮೇಲೇರಿ, ಅದರ ಬಾಯಿಗೆ ಎಲೆಯಾಕಾರದ ಮುಚ್ಚಳವೊಂದು ಬಾಗಿ ಉಸಿರಿನ ದಾರಿಯನ್ನು ಕಾಯುತ್ತದೆ. ಉಣ್ಣುವಾಗ ನಗುವುದು, ಗಡಿಬಿಡಿಯಿಂದ ನುಂಗುವುದು ಈ ಹೊಂದಾಣಿಕೆಯನ್ನು ಕೆಡಿಸಬಹುದು. ಆಗ ನೆತ್ತಿಗೇರಿತು ಎನ್ನುತ್ತೇವೆ.

ಗಂಟಲಿನಿಂದ ಜಠರದವರೆಗಿನ ಅನ್ನನಾಳವು ಸುಮಾರು 25 ಸೆಂಟಿಮೀಟರು ಉದ್ದವಾಗಿದೆ. ತುತ್ತು ಅದರಲ್ಲಿ ಕೇವಲ ತನ್ನ ಭಾರದಿಂದ ಕೆಳಗೆ ಬೀಳುವುದಿಲ್ಲ. ತುತ್ತಿನ ಹಿಂದಿನ ಸ್ನಾಯುಗಳು ಬಿಗಿದು, ಮುಂದಿನವು ಸಡಿಲಗೊಂಡು, ಅಲೆಯಂತೆ ಸಾಗುವ ಸಂಕೋಚನವು ಅದನ್ನು ಮುಂದೊತ್ತುತ್ತದೆ. ಮಲಗಿದ್ದವನೂ ನುಂಗಬಲ್ಲನೆಂಬುದಕ್ಕೆ ಇದೇ ಆಧಾರ. ಕರುಳಿನ ಕೊನೆಯವರೆಗೂ ಆಹಾರವನ್ನು ಮುಂದೆ ಸಾಗಿಸುವುದು ಇದೇ ಬಗೆಯ ಚಲನೆ.

ಜಠರ

ಹೊಟ್ಟೆಯ ಮೇಲ್ಭಾಗದಲ್ಲಿ ಎಡಕ್ಕೆ ವಾಲಿರುವ ಚೀಲದಂತಹ ಅಂಗವೇ ಜಠರ. ಊಟವಾದಾಗ ಅದು ಒಂದರಿಂದ ಒಂದೂವರೆ ಲೀಟರಿನಷ್ಟು ಆಹಾರವನ್ನು ಹಿಡಿಯುತ್ತದೆ. ಅದರ ಗೋಡೆಯ ಸ್ನಾಯುಗಳು ಆಹಾರವನ್ನು ಕಡೆಯುತ್ತವೆ. ಗ್ರಂಥಿಗಳು ದಿನವೊಂದಕ್ಕೆ ಎರಡರಿಂದ ಎರಡೂವರೆ ಲೀಟರು ಜಠರರಸವನ್ನು ಸ್ರವಿಸುತ್ತವೆ. ಈ ರಸದಲ್ಲಿ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲವಿದ್ದು, ಅದು ಆಹಾರದೊಡನೆ ಬಂದ ರೋಗಾಣುಗಳಲ್ಲಿ ಹೆಚ್ಚಿನವನ್ನು ಕೊಲ್ಲುತ್ತದೆ. ಪೆಪ್ಸಿನ್ ಎಂಬ ಕಿಣ್ವವು ಬೇಳೆ, ಹಾಲು, ಮೊಟ್ಟೆ, ಮಾಂಸ ಮೊದಲಾದವುಗಳಲ್ಲಿರುವ ಪ್ರೋಟೀನನ್ನು ತುಂಡರಿಸುತ್ತದೆ. ಇಂತಹ ಆಮ್ಲದಿಂದ ಜಠರವೇ ಸುಡದಂತೆ ದಪ್ಪನಾದ ಲೋಳೆಯ ಲೇಪವು ಅದರ ಒಳಮೈಯನ್ನು ಕಾಪಾಡುತ್ತದೆ.

ಜಠರದೊಳಗೆ ನಡೆಯುವುದೇನೆಂಬುದು ಮೊದಲು ಕಣ್ಣಾರೆ ತಿಳಿದುಬಂದುದು ಒಂದು ಅಪಘಾತದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟನ ಚಿಕಿತ್ಸೆಯಿಂದ ಅವನು ಬದುಕಿದನಾದರೂ ಜಠರಕ್ಕೆ ತೆರೆದಿದ್ದ ರಂಧ್ರವು ಪೂರ್ತಿ ಮುಚ್ಚಲಿಲ್ಲ. ಬ್ಯೂಮಾಂಟನು ಆಹಾರದ ಚೂರುಗಳನ್ನು ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಇಳಿಬಿಟ್ಟು, ಅವು ಕರಗಲು ಎಷ್ಟು ಸಮಯ ಹಿಡಿಯುತ್ತದೆಂಬುದನ್ನು ವರ್ಷಗಳ ಕಾಲ ಪರೀಕ್ಷಿಸಿ, 1833ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಪಚನವು ಕೇವಲ ಅರೆಯುವ ಕ್ರಿಯೆಯಲ್ಲ, ಅದೊಂದು ರಾಸಾಯನಿಕ ಕ್ರಿಯೆ ಎಂಬುದು ಈ ಪರೀಕ್ಷೆಗಳಿಂದ ದೃಢಪಟ್ಟಿತು.

ಜಠರದ ಹುಣ್ಣಿಗೆ ಖಾರದ ಊಟ ಮತ್ತು ಚಿಂತೆಯೇ ಮೂಲ ಕಾರಣವೆಂಬ ನಂಬಿಕೆ ಬಹುಕಾಲ ಉಳಿದಿತ್ತು. ಆಸ್ಟ್ರೇಲಿಯದ ರಾಬಿನ್ ವಾರೆನ್ ಹಾಗೂ ಬ್ಯಾರಿ ಮಾರ್ಷಲ್ ಎಂಬ ವೈದ್ಯರು, ಹೆಚ್ಚಿನ ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವು ಕಾರಣವೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ನೋವು ನಿವಾರಕ ಮಾತ್ರೆಗಳ ಅತಿಯಾದ ಬಳಕೆ ಇನ್ನೊಂದು ಮುಖ್ಯ ಕಾರಣ. ಈ ಹುಣ್ಣನ್ನು ಇಂದು ಸೂಕ್ತ ಔಷಧಿಗಳಿಂದ ಗುಣಪಡಿಸಬಹುದಾಗಿದೆ.

ಸಣ್ಣ ಕರುಳು ಮತ್ತು ಅದರ ನೆರವಿನ ಗ್ರಂಥಿಗಳು

ಎರಡರಿಂದ ನಾಲ್ಕು ಗಂಟೆಗಳ ಅವಧಿಯಲ್ಲಿ ಆಹಾರವು ಗಂಜಿಯಂತಾಗಿ, ಸ್ವಲ್ಪ ಸ್ವಲ್ಪವಾಗಿ ಜಠರದಿಂದ ಸಣ್ಣ ಕರುಳಿಗೆ ಇಳಿಯುತ್ತದೆ. ಪಚನದ ಮುಖ್ಯ ಭಾಗವೂ, ಹೀರಿಕೆಯ ಬಹುಭಾಗವೂ ನಡೆಯುವುದು ಇಲ್ಲಿಯೇ. ಅಗಲದಲ್ಲಿ ಚಿಕ್ಕದಾದುದರಿಂದ ಇದಕ್ಕೆ ಸಣ್ಣ ಕರುಳೆಂದು ಹೆಸರು. ಉದ್ದದಲ್ಲಿ ಇದು ದೊಡ್ಡ ಕರುಳಿಗಿಂತ ಹಲವು ಪಟ್ಟು ಹೆಚ್ಚು. ಡಿಯೋಡಿನಮ್, ಜೆಜುನಮ್, ಇಲಿಯಮ್ ಎಂಬುವು ಇದರ ಮೂರು ಭಾಗಗಳು.

ಸುಮಾರು 25 ಸೆಂಟಿಮೀಟರು ಉದ್ದದ ಡಿಯೋಡಿನಮ್ಮಿಗೆ ಎರಡು ಕಡೆಗಳಿಂದ ರಸಗಳು ಬಂದು ಸೇರುತ್ತವೆ. ಮೊದಲನೆಯದು ಪಿತ್ತರಸ. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಮು ತೂಗುವ ಯಕೃತ್ತು ದಿನಕ್ಕೆ ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ಪಿತ್ತರಸವನ್ನು ತಯಾರಿಸುತ್ತದೆ. ಪಿತ್ತಕೋಶವು ಅದನ್ನು ಕೂಡಿಟ್ಟು, ಜಿಡ್ಡಿನ ಆಹಾರ ಬಂದಾಗ ಹೊರಬಿಡುತ್ತದೆ. ಎಣ್ಣೆ ಅಂಟಿದ ಪಾತ್ರೆಯನ್ನು ಸಾಬೂನು ಬಿಡಿಸುವಂತೆ, ಪಿತ್ತರಸವು ಕೊಬ್ಬನ್ನು ಅತಿ ಸಣ್ಣ ಹನಿಗಳಾಗಿ ಚೆದರಿಸಿ ಕಿಣ್ವಗಳ ಕೆಲಸವನ್ನು ಸುಲಭಗೊಳಿಸುತ್ತದೆ.

ಎರಡನೆಯದು ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯ ರಸ. ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಬರುವ ಈ ರಸವು ಕ್ಷಾರಗುಣವುಳ್ಳದ್ದಾಗಿದ್ದು ಜಠರದಿಂದ ಬಂದ ಆಮ್ಲವನ್ನು ಶಮನಗೊಳಿಸುತ್ತದೆ. ಇದರಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್, ಕೊಬ್ಬನ್ನು ಒಡೆಯುವ ಲೈಪೇಸ್ ಮೊದಲಾದ ಕಿಣ್ವಗಳಿವೆ. ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೂಡ ಇದೇ ಗ್ರಂಥಿಯಿಂದ ಹುಟ್ಟುತ್ತದೆ. ಆದರೆ ಅದು ಕರುಳಿಗೆ ಇಳಿಯದೆ ನೇರವಾಗಿ ರಕ್ತವನ್ನು ಸೇರುತ್ತದೆ.

ಆಹಾರ ಬಂದುದು ಮೇದೋಜೀರಕ ಗ್ರಂಥಿಗೆ ತಿಳಿಯುವ ಬಗೆ ಹೇಗೆ? 1902ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಕಂಡುಹಿಡಿದರು. ಆಮ್ಲವು ತಗುಲಿದೊಡನೆ ಕರುಳಿನ ಗೋಡೆಯು ಸೆಕ್ರೆಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದ ಮೂಲಕ ಆ ಸಂದೇಶವು ಗ್ರಂಥಿಯನ್ನು ಮುಟ್ಟುತ್ತದೆ. ಹೀಗೆ ಸಂದೇಶವಾಹಕವಾಗಿ ಕೆಲಸ ಮಾಡುವ ವಸ್ತುಗಳಿಗೆ ಮುಂದೆ ಹಾರ್ಮೋನುಗಳೆಂಬ ಹೆಸರು ಬಂದಿತು.

ಈ ಎಲ್ಲ ರಸಗಳ ಜೊತೆಗೆ ಸಣ್ಣ ಕರುಳಿನ ಗೋಡೆಯೇ ದಿನಕ್ಕೆ ಸುಮಾರು ಒಂದು ಲೀಟರು ದ್ರವವನ್ನು ಸ್ರವಿಸುತ್ತದೆ. ಅಂತಿಮವಾಗಿ ಪಿಷ್ಟವು ಗ್ಲೂಕೋಸ್ ಆಗಿಯೂ, ಪ್ರೋಟೀನು ಮುಖ್ಯವಾಗಿ ಅಮೈನೋ ಆಮ್ಲಗಳಾಗಿಯೂ, ಕೊಬ್ಬು ಮುಖ್ಯವಾಗಿ ಕೊಬ್ಬಿನಾಮ್ಲಗಳಾಗಿಯೂ ಮಾರ್ಪಡುತ್ತವೆ.

ಹೀರಿಕೆಯ ಕ್ರಮ

ಸಣ್ಣ ಕರುಳಿನ ಒಳಮೈ ನಯವಾಗಿರುವುದಿಲ್ಲ. ಅದು ಮಡಿಕೆಮಡಿಕೆಯಾಗಿದ್ದು, ಮಡಿಕೆಗಳ ಮೇಲೆ ಒಂದು ಮಿಲಿಮೀಟರಿಗೂ ಚಿಕ್ಕದಾದ ಬೆರಳಿನಾಕಾರದ ಚಾಚಿಕೆಗಳು ದಟ್ಟವಾಗಿ ಎದ್ದಿರುತ್ತವೆ. ಇವಕ್ಕೆ ವಿಲ್ಲೈಗಳೆಂದು ಹೆಸರು. ಒಂದೊಂದು ವಿಲ್ಲೈಯ ಮೇಲಿನ ಜೀವಕೋಶಗಳಲ್ಲಿಯೂ ಇನ್ನೂ ಸೂಕ್ಷ್ಮವಾದ ಚಾಚಿಕೆಗಳಿವೆ. ಇದರಿಂದ ಹೀರುವ ಮೇಲ್ಮೈ ಬಹಳವಾಗಿ ಹೆಚ್ಚುತ್ತದೆ. ಈ ಮೇಲ್ಮೈ ಟೆನಿಸ್ ಅಂಕಣದಷ್ಟು ವಿಶಾಲವೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಸೂಕ್ಷ್ಮದರ್ಶಕದ ನೆರವಿನಿಂದ ಮತ್ತೆ ಅಳೆದು, ಅದು ಸುಮಾರು 30 ಚದರ ಮೀಟರು ಎಂದು ಲೆಕ್ಕ ಹಾಕಿದರು. ಅಷ್ಟಾದರೂ ಅದು ಸಾಧಾರಣ ಮನೆಯ ಎರಡು ಕೋಣೆಗಳ ನೆಲಕ್ಕೆ ಸಮ. ಈ ಒಳಪೊರೆಯ ಜೀವಕೋಶಗಳು ನಾಲ್ಕೈದು ದಿನಗಳಿಗೊಮ್ಮೆ ಉದುರಿ, ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ.

ವಿಲ್ಲೈಗಳೊಳಗಿನ ರಕ್ತನಾಳಗಳು ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳನ್ನು ಪಡೆದು ಮೊದಲು ಯಕೃತ್ತಿಗೆ ಒಯ್ಯುತ್ತವೆ. ಯಕೃತ್ತು ಅವುಗಳಲ್ಲಿ ಕೆಲವನ್ನು ಕೂಡಿಟ್ಟು, ಕೆಲವನ್ನು ಮಾರ್ಪಡಿಸಿ, ವಿಷಕಾರಿ ವಸ್ತುಗಳಿದ್ದರೆ ಅವುಗಳ ತೀಕ್ಷ್ಣತೆಯನ್ನು ತಗ್ಗಿಸಿ, ಉಳಿದುದನ್ನು ದೇಹಕ್ಕೆ ಹಂಚುತ್ತದೆ. ಕೊಬ್ಬಿನ ಬಹುಪಾಲು ದುಗ್ಧನಾಳಗಳ ಮೂಲಕ ಬೇರೆ ದಾರಿಯಿಂದ ರಕ್ತವನ್ನು ಸೇರುತ್ತದೆ.

ಗ್ಲೂಕೋಸ್ ಹೀರಲ್ಪಡುವ ಕ್ರಮದಲ್ಲಿ ಒಂದು ವಿಶೇಷವಿದೆ. ಕರುಳಿನ ಜೀವಕೋಶದ ಹೊರಮೈಯಲ್ಲಿರುವ ಒಂದು ಬಗೆಯ ಬಾಗಿಲು ಗ್ಲೂಕೋಸನ್ನು ಒಂಟಿಯಾಗಿ ಒಳಗೆ ಬಿಡುವುದಿಲ್ಲ. ಉಪ್ಪಿನ ಅಂಶವಾದ ಸೋಡಿಯಮ್ ಜೊತೆಗಿದ್ದರೆ ಮಾತ್ರ ಎರಡನ್ನೂ ಒಟ್ಟಿಗೆ ಒಳಗೆ ಸೇರಿಸುತ್ತದೆ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಈ ತತ್ತ್ವವನ್ನು ಮಂಡಿಸಿದನು. ಸೋಡಿಯಮ್ ಮತ್ತು ಗ್ಲೂಕೋಸ್ ಎತ್ತ ಹೋಗುತ್ತವೆಯೋ ನೀರೂ ಅತ್ತಲೇ ಹಿಂಬಾಲಿಸುತ್ತದೆ. ಉಪ್ಪು, ಸಕ್ಕರೆ ಮತ್ತು ನೀರಿನ ಈ ಸಂಬಂಧವು ಮುಂದೆ ಲಕ್ಷಾಂತರ ಜೀವಗಳನ್ನು ಉಳಿಸಿತು.

ದೊಡ್ಡ ಕರುಳು

ಹೀರಿಕೆಯಾದ ಮೇಲೆ ಉಳಿದ ದ್ರವರೂಪದ ಶೇಷವು ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡ ಕರುಳನ್ನು ಸೇರುತ್ತದೆ. ಹೊಟ್ಟೆಯ ಬಲಭಾಗದ ಕೆಳಗೆ, ಅಪೆಂಡಿಕ್ಸ್ ಇರುವಲ್ಲಿ ಆರಂಭವಾಗುವ ಇದು ಬಲಗಡೆ ಮೇಲಕ್ಕೇರಿ, ಅಡ್ಡಲಾಗಿ ಸಾಗಿ, ಎಡಗಡೆ ಕೆಳಗಿಳಿದು ಮಲಾಶಯದಲ್ಲಿ ಕೊನೆಗೊಳ್ಳುತ್ತದೆ. ಇಲ್ಲಿ ಉಳಿದ ನೀರು ಮತ್ತು ಲವಣಗಳು ಹೀರಲ್ಪಟ್ಟು ಮಲವು ಗಟ್ಟಿಯಾಗುತ್ತದೆ. ತುತ್ತು ನುಂಗಿದಾಗಿನಿಂದ ಮಲವಾಗಿ ಹೊರಬೀಳುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ.

ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಇವೆಲ್ಲವೂ ಶತ್ರುಗಳಲ್ಲ. ಮನುಷ್ಯನ ಕಿಣ್ವಗಳಿಗೆ ಒಡೆಯಲಾಗದ ನಾರಿನಂಶದಲ್ಲಿ ಕೆಲವನ್ನು ಇವು ಕೊಳೆಯಿಸಿ ಕರುಳಿಗೆ ಪೋಷಣೆ ನೀಡುತ್ತವೆ; ‘ಕೆ’ ಜೀವಸತ್ತ್ವವನ್ನೂ ತಯಾರಿಸುತ್ತವೆ. ಸೊಪ್ಪು, ತರಕಾರಿ, ಸಿಪ್ಪೆಯುಳ್ಳ ಕಾಳು, ರಾಗಿ, ಜೋಳ ಮೊದಲಾದವುಗಳ ನಾರಿನಂಶವು ಮಲಬದ್ಧತೆಯನ್ನು ತಡೆಯುವುದಕ್ಕೂ ಸಹಾಯಕ.

ನೀರಿನ ಲೆಕ್ಕ

ಮೇಲೆ ಹೇಳಿದ ಅಂಕಿಗಳನ್ನು ಒಟ್ಟುಗೂಡಿಸಿದರೆ ಆಶ್ಚರ್ಯವಾಗುತ್ತದೆ. ವಯಸ್ಕನೊಬ್ಬನು ದಿನಕ್ಕೆ ಆಹಾರ ಪಾನೀಯಗಳ ಮೂಲಕ ಸುಮಾರು 2 ಲೀಟರು ನೀರನ್ನು ಸೇವಿಸುತ್ತಾನೆ. ಜೊಲ್ಲು ಒಂದೂವರೆ ಲೀಟರು, ಜಠರರಸ ಎರಡೂವರೆ, ಪಿತ್ತರಸ ಅರ್ಧ, ಮೇದೋಜೀರಕ ರಸ ಒಂದೂವರೆ, ಕರುಳಿನ ರಸ ಒಂದು, ಹೀಗೆ ಇನ್ನೂ 7 ಲೀಟರು ದೇಹದಿಂದಲೇ ಕರುಳಿಗೆ ಬರುತ್ತದೆ. ಒಟ್ಟು 9 ಲೀಟರಿನಲ್ಲಿ ಸುಮಾರು ಏಳೂವರೆ ಲೀಟರನ್ನು ಸಣ್ಣ ಕರುಳೂ, ಉಳಿದುದರಲ್ಲಿ ಬಹುಭಾಗವನ್ನು ದೊಡ್ಡ ಕರುಳೂ ಹಿಂದಕ್ಕೆ ಪಡೆಯುತ್ತವೆ. ಮಲದಲ್ಲಿ ಹೊರಹೋಗುವ ನೀರು 100ರಿಂದ 200 ಮಿಲಿಲೀಟರು ಮಾತ್ರ. ಅಂದರೆ ನೂರು ಪಾಲಿನಲ್ಲಿ ಎರಡು ಪಾಲಷ್ಟೇ ನಷ್ಟ.

ಕಾಲರಾ, ರೋಟಾವೈರಸ್ ಮೊದಲಾದ ರೋಗಾಣುಗಳು ಕೆಡಿಸುವುದು ಈ ಲೆಕ್ಕವನ್ನೇ. ರೋಟಾವೈರಸ್ ವಿಲ್ಲೈಗಳ ತುದಿಯ ಜೀವಕೋಶಗಳಿಗೆ ಹಾನಿ ಮಾಡಿ ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ. ಕಾಲರಾ ರೋಗಾಣುವಿನ ವಿಷವು ಜೀವಕೋಶಗಳಿಂದ ಲವಣವೂ ನೀರೂ ಎಡೆಬಿಡದೆ ಹೊರಕ್ಕೆ ಸುರಿಯುವಂತೆ ಮಾಡುತ್ತದೆ. ಎರಡರಲ್ಲೂ ಪರಿಣಾಮ ಒಂದೇ: ದೇಹದ ನೀರು ಮತ್ತು ಲವಣಗಳು ಬರಿದಾಗುವುದು. ಅತಿಸಾರದಿಂದ ಸಾಯುವ ಹೆಚ್ಚಿನವರು ಈ ನಿರ್ಜಲೀಕರಣದಿಂದಲೇ ಸಾಯುತ್ತಾರೆ. 10 ಕಿಲೋಗ್ರಾಮು ತೂಕದ ಮಗುವಿನ ದೇಹದಿಂದ ಒಂದು ಲೀಟರು ನೀರು ಹೋದರೆ ಅದರ ತೂಕದ ಹತ್ತರಲ್ಲೊಂದು ಪಾಲು ಹೋದಂತೆ. ಅದು ಪ್ರಾಣಾಪಾಯದ ಸ್ಥಿತಿ. ತೀವ್ರ ಭೇದಿಯಲ್ಲಿ ಹೀಗಾಗಲು ಕೆಲವು ಗಂಟೆಗಳೇ ಸಾಕು.

ಬಾಯಿಯ ಮೂಲಕ ಚಿಕಿತ್ಸೆ

ಈ ಶತಮಾನಕ್ಕೆ ಹಿಂದಿನ ದಶಕಗಳಲ್ಲಿ ನಿರ್ಜಲೀಕರಣಕ್ಕೆ ರಕ್ತನಾಳದ ಮೂಲಕ ಲವಣಜಲವನ್ನು ಏರಿಸುವುದೇ ಚಿಕಿತ್ಸೆಯೆಂಬ ಭಾವನೆ ಬಲವಾಗಿತ್ತು. ಅದಕ್ಕೆ ಆಸ್ಪತ್ರೆ, ಸೂಜಿ, ತರಬೇತಾದ ಸಿಬ್ಬಂದಿ ಎಲ್ಲವೂ ಬೇಕು. ಈ ಭಾವನೆಯನ್ನು ಬದಲಿಸಿದ ಸಂಶೋಧನೆಗಳಲ್ಲಿ ಭಾರತದ ಪಾಲು ದೊಡ್ಡದು. ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕಾಲರಾ ರೋಗಿಗಳಿಗೆ ಕೊಟ್ಟ ಅನುಭವವನ್ನು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ನಗರದ ಶಂಭುನಾಥ ಡೇಯವರು 1959ರಲ್ಲಿ, ಕಾಲರಾ ರೋಗಾಣುವು ಬಿಡುವ ವಿಷವೇ ಕರುಳಿನಿಂದ ನೀರು ಸುರಿಯಲು ಕಾರಣವೆಂಬುದನ್ನು ತೋರಿಸಿಕೊಟ್ಟರು. ಈ ವಿಷವು ನೀರು ಹೊರಸುರಿಯುವ ದಾರಿಯನ್ನು ತೆರೆದರೂ ಗ್ಲೂಕೋಸ್ ಮತ್ತು ಸೋಡಿಯಮ್ ಒಟ್ಟಿಗೆ ಒಳಬರುವ ಬಾಗಿಲನ್ನು ಮುಚ್ಚುವುದಿಲ್ಲ ಎಂಬುದು ಕ್ರಮೇಣ ಸ್ಪಷ್ಟವಾಯಿತು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ವೈದ್ಯರು ರೋಗಿಗಳ ಮೇಲೆ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು.

ನಿಜವಾದ ಪರೀಕ್ಷೆ ನಡೆದುದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದರು. ರಕ್ತನಾಳಕ್ಕೆ ಏರಿಸುವ ದ್ರವ ಸಾಲದಾಯಿತು. ಡಾ. ದಿಲೀಪ್ ಮಹಲನಬೀಸ್ ಮತ್ತು ಅವರ ಸಂಗಡಿಗರು ಗ್ಲೂಕೋಸ್, ಅಡುಗೆಯ ಉಪ್ಪು ಹಾಗೂ ಅಡುಗೆಸೋಡದ ಮಿಶ್ರಣವನ್ನು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳಿಗೆ ಕುಡಿಸುವ ಕೆಲಸವನ್ನು ಅವರ ಬಂಧುಗಳಿಗೇ ವಹಿಸಿದರು. ಸುಮಾರು ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 3.6ಕ್ಕೆ ಇಳಿಯಿತು. ವೈದ್ಯರಲ್ಲದ ತಾಯಿ ತಂದೆಗಳೂ ಈ ಚಿಕಿತ್ಸೆಯನ್ನು ನೀಡಬಲ್ಲರೆಂಬುದು ಹೀಗೆ ಸಿದ್ಧವಾಯಿತು. ಮಹಲನಬೀಸರು 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಲಾಯಿತು.

ಮನೆಯಲ್ಲಿ ಮಾಡಬೇಕಾದುದು

ಭೇದಿಯಾದಾಗ ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದೂ, ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದೂ ತಿಳಿದು ಮಗುವಿಗೆ ಹಾಲು, ನೀರು, ಅನ್ನ ಎಲ್ಲವನ್ನೂ ನಿಲ್ಲಿಸುವ ರೂಢಿ ಹಲವೆಡೆ ಇದೆ. ಇದು ಅತ್ಯಂತ ಅಪಾಯಕರ. ಹೀರುವ ಬಾಗಿಲು ತೆರೆದೇ ಇರುವಾಗ ಹೊರಗಿನಿಂದ ನೀರು ಕೊಡದಿರುವುದೆಂದರೆ ನಷ್ಟವನ್ನು ತುಂಬುವ ಏಕೈಕ ದಾರಿಯನ್ನು ಮುಚ್ಚಿದಂತೆ.

ಭೇದಿ ಆರಂಭವಾದೊಡನೆ ಓ.ಆರ್.ಎಸ್. ದ್ರಾವಣವನ್ನು ಕೊಡಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದರ ಪೊಟ್ಟಣ ಉಚಿತವಾಗಿ ದೊರೆಯುತ್ತದೆ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿರುವ ಸೂತ್ರದಂತೆ ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ 13.5 ಗ್ರಾಂ, ಸೋಡಿಯಮ್ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಮ್ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಮ್ ಸಿಟ್ರೇಟ್ 2.9 ಗ್ರಾಂ ಇರುತ್ತವೆ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ಶುದ್ಧವಾದ ಕುಡಿಯುವ ನೀರಿನಲ್ಲಿ ಇಡೀ ಪೊಟ್ಟಣವನ್ನು ಒಮ್ಮೆಲೇ ಕರಗಿಸಬೇಕು. ಬೇರೆ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಪೊಟ್ಟಣದ ಮೇಲಿನ ಭಾಷೆ ತಿಳಿಯದಿದ್ದರೆ ನೀರಿನ ಅಳತೆಯನ್ನು ಆರೋಗ್ಯ ಕಾರ್ಯಕರ್ತೆಯಿಂದಲೋ ಔಷಧಿ ಅಂಗಡಿಯವರಿಂದಲೋ ಕೇಳಿಕೊಳ್ಳುವುದು ಅಗತ್ಯ. ಏಕೆಂದರೆ 200 ಮಿಲಿಲೀಟರಿನ ಸಣ್ಣ ಪೊಟ್ಟಣಗಳೂ ದೊರೆಯುತ್ತವೆ. ನೀರು ಕಡಿಮೆಯಾದರೆ ಉಪ್ಪು ಅತಿಯಾಗಿ ಕೇಡಾಗುತ್ತದೆ. ಹೆಚ್ಚಾದರೆ ಪ್ರಯೋಜನ ಕುಗ್ಗುತ್ತದೆ. ತಯಾರಿಸಿದ ದ್ರಾವಣವನ್ನು 24 ಗಂಟೆಗಳೊಳಗೆ ಉಪಯೋಗಿಸಿ, ಉಳಿದುದನ್ನು ಚೆಲ್ಲಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು, ಎರಡು ವರ್ಷ ಮೀರಿದ ಮಗುವಿಗೆ 100ರಿಂದ 200 ಮಿಲಿಲೀಟರು ಕೊಡಬೇಕು. ದೊಡ್ಡವರು ಬಾಯಾರಿಕೆ ಇರುವಷ್ಟು ಕುಡಿಯಬಹುದು. ಮಗುವಿಗೆ ಲೋಟದಿಂದ ಅಥವಾ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ನಿಧಾನವಾಗಿ ಮುಂದುವರಿಸಬೇಕು.

ಪೊಟ್ಟಣ ದೊರೆಯುವವರೆಗೆ ಕಾಯುತ್ತ ಕೂರಬಾರದು. ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪು ಹಾಕಿದ ಅಕ್ಕಿಯ ಗಂಜಿ, ಉಪ್ಪು ಬೆರೆಸಿದ ಮಜ್ಜಿಗೆ, ಬೇಳೆಯ ಕಟ್ಟು ಕೂಡ ಉಪಯುಕ್ತ. ಮನೆಯ ಹಿರಿಯರು ಕಾಯಿಸಿಕೊಡುವ ಉಪ್ಪುಗಂಜಿಗೆ ಈಗ ವಿಜ್ಞಾನದ ಸಮರ್ಥನೆಯೂ ಇದೆ: ಗಂಜಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆದು, ಉಪ್ಪಿನ ಸೋಡಿಯಮ್ಮಿನೊಡನೆ ನೀರನ್ನು ಒಳಗೆಳೆಯುತ್ತದೆ. ಆದರೆ ಸೋಡಾ, ಸಿಹಿ ಪಾನೀಯ, ಪೆಟ್ಟಿಗೆಯ ಹಣ್ಣಿನ ರಸ ಇವು ಓ.ಆರ್.ಎಸ್.ಗೆ ಬದಲಿಯಲ್ಲ. ಅತಿಯಾದ ಸಕ್ಕರೆಯು ನೀರನ್ನು ರಕ್ತದಿಂದ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಇಂತಹ ಪಾನೀಯಗಳ ಹೆಸರಿನಲ್ಲಿ ಓ.ಆರ್.ಎಸ್. ಎಂಬ ಪದವನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಮೆತ್ತನೆಯ ಅನ್ನ, ಕಿಚಡಿ, ಮೊಸರನ್ನ, ಬಾಳೆಹಣ್ಣು ಮುಂತಾದ ಆಹಾರವನ್ನು ಕೊಡುತ್ತಿರಬೇಕು. ಓ.ಆರ್.ಎಸ್. ಜೊತೆಗೆ ಸತುವಿನ ಮಾತ್ರೆಯನ್ನೂ 14 ದಿನ ಕೊಡುವಂತೆ ಸೂಚಿಸಲಾಗಿದೆ: ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳಿಂದ ಐದು ವರ್ಷದವರೆಗೆ 20 ಮಿಲಿಗ್ರಾಂ. ಭೇದಿ ನಿಂತರೂ ಮಾತ್ರೆಯನ್ನು ನಡುವೆ ಬಿಡಬಾರದು. ಇದರಿಂದ ಭೇದಿಯ ಅವಧಿ ಕಡಿಮೆಯಾಗುತ್ತದೆ.

ವೈದ್ಯರ ಬಳಿಗೆ ಯಾವಾಗ?

ಮಗುವು ಕಿರಿಕಿರಿಗೊಂಡು ಆತುರದಿಂದ ನೀರು ಕುಡಿಯುವುದು, ಕಣ್ಣುಗಳು ಗುಳಿಬೀಳುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಸ್ವಸ್ಥಾನಕ್ಕೆ ಮರಳುವುದು ಇವು ನಿರ್ಜಲೀಕರಣದ ಚಿಹ್ನೆಗಳು. ಮಗು ಮಂಕಾಗಿ ಮಲಗಿದ್ದರೆ, ಎಚ್ಚರ ತಪ್ಪಿದರೆ, ಕುಡಿಯಲಾರದೆ ಹೋದರೆ, ಚರ್ಮವು ಮರಳಲು ಎರಡು ಸೆಕೆಂಡಿಗೂ ಹೆಚ್ಚು ಸಮಯ ಹಿಡಿದರೆ ಸ್ಥಿತಿ ಗಂಭೀರವೆಂದು ತಿಳಿದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಲದಲ್ಲಿ ರಕ್ತ, ತೀವ್ರ ಜ್ವರ, ನಿಲ್ಲದ ವಾಂತಿ ಕಂಡರೂ ತಡಮಾಡಬಾರದು. ಹೋಗುವ ದಾರಿಯಲ್ಲಿಯೂ, ಮಗು ಕುಡಿಯಬಲ್ಲ ಸ್ಥಿತಿಯಲ್ಲಿದ್ದರೆ, ದ್ರಾವಣವನ್ನು ಕುಡಿಸುತ್ತಿರಬೇಕು. ಭೇದಿ ನಿಲ್ಲಿಸುವ ಮಾತ್ರೆಗಳನ್ನೂ ಜೀವಿರೋಧಕಗಳನ್ನೂ ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ ಕೊಡಬಾರದು.

ಬರದಂತೆ ತಡೆಯುವುದು

ರೋಗಾಣುಗಳು ಮಲದಿಂದ ಹೊರಟು ಕೈ, ನೀರು, ನೊಣ, ಆಹಾರ ಇವುಗಳ ಮೂಲಕ ಮತ್ತೊಬ್ಬರ ಬಾಯಿಯನ್ನು ಸೇರುತ್ತವೆ. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೆ ಮುನ್ನ ಹಾಗೂ ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಶೌಚಾಲಯದ ಬಳಕೆ, ಮುಚ್ಚಿಟ್ಟ ಶುದ್ಧ ನೀರು, ಬಿಸಿಯಾದ ಆಹಾರ ಇವು ಈ ದಾರಿಯನ್ನು ಕಡಿಯುತ್ತವೆ. ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡುವುದು ಶಿಶುವಿಗೆ ದೊಡ್ಡ ರಕ್ಷಣೆ. ರೋಟಾವೈರಸ್ ಲಸಿಕೆಯು 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿ, 2019ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಇದನ್ನು ಶಿಶುಗಳಿಗೆ ಉಚಿತವಾಗಿ ಹಾಕಲಾಗುತ್ತದೆ.

ಒಂಬತ್ತು ಲೀಟರು ನೀರನ್ನು ದಿನದಿನವೂ ಎಣಿಸಿ ಹಿಂದಕ್ಕೆ ಪಡೆಯುವ ಕರುಳು ಕಾಯಿಲೆಯ ಹೊತ್ತಿನಲ್ಲಿಯೂ ತನ್ನ ಕೆಲಸವನ್ನು ಪೂರ್ತಿಯಾಗಿ ಬಿಡುವುದಿಲ್ಲ. ಆಗ ಅದಕ್ಕೆ ಬೇಕಾದುದು ಸರಿಯಾದ ಅಳತೆಯ ಉಪ್ಪು, ಸಕ್ಕರೆ, ನೀರು, ಮತ್ತು ಅದನ್ನು ಚಮಚ ಚಮಚವಾಗಿ ಕುಡಿಸುವ ತಾಳ್ಮೆ. ಓ.ಆರ್.ಎಸ್.ನ ಎರಡು ಪೊಟ್ಟಣಗಳನ್ನು ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಸದಾ ಇಟ್ಟುಕೊಂಡಿರುವುದು ಒಳಿತು.